ರೂಪೇಶ ಕಾಯುತ್ತಿದ್ದಾನಂತೆ

ಹಾರವಾಡ, ಅಂಕೋಲಾ ತಾಲೂಕು
೧೩ ಜುಲೈ ೨೦೦೯, ಸೋಮವಾರ

ಚಿರಂಜೀವಿ ತಮ್ಮ ದೇವಿದಾಸನಿಗೆ ಅಕ್ಕ ಮಂಗಲಾಳ ಆಶೀರ್ವಾದ.

ಇಂದು ಸೋಮವಾರ, ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತ ನೀರನ್ನು ತೋಡಿಗೆ ಕಡಿದು ಬಿಟ್ಟೆ. ತುಳಸಿಗೆ ಮಳೆಯೇ ಬೇಕಾದಷ್ಟು ನೀರು ಹೊಯ್ದಿದ್ದರೂ ನನ್ನ ಕೈಯದೊಂದು ತಂಬಿಗೆ ಹಾಕಿದೆ. ಅಟ್ಟದ ಮೇಲಿನ ಒಣಮೀನಿಗೆ ಹೊಗೆ ತೋರಿಸುವ ಕೆಲಸ ಚಿಕ್ಕ ಮಗಳು ಪ್ರಗತಿಗೆ ಬಿಟ್ಟೆ, ಸೋಮವಾರ ನಾನು ಮೀನು ಮುಟ್ಟುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಮಹಾದೇವನ ಮುಂದೆ ದೀಪ ಹಚ್ಚಿ, ಒಂದು ಲೋಟ ಕರಿಚಹಾ ಕುಡಿದು ಬರೆಯಲು ಕುಳಿತಿದ್ದೇನೆ.

ನಾನಾಗಿ ಬರೆಯುವವಳಲ್ಲ. ನಾಲ್ಕು ವರ್ಷದ ಹಿಂದೆ ದೊಡ್ಡವಳು ಪ್ರಣಿತಾಳ ಮದುವೆಯ ದಿನ ನೀನು ಸೋದರಮಾವನಾಗಿ ಹುಡುಗಿಯನ್ನು ಎತ್ತಿ ತಂದು ಮಂಟಪದಲ್ಲಿ ಕೂರಿಸಿದೆ. ಎಲೆ ಹಾಕುವ ಹೊತ್ತಿಗೆ ಹೆಂಡತಿ ಮಗನನ್ನು ಕರೆದುಕೊಂಡು ಕಾರವಾರದ ಬಸ್ಸು ಹತ್ತಿದೆ. ಸೀರೆ ಕೊಡುವಾಗ ನನ್ನ ನಾದಿನಿಯ ಹೆಸರು ಮೊದಲು ಕೂಗಿ, ನಿನ್ನ ಹೆಂಡತಿ ಸಪ್ನಾಳ ಹೆಸರು ಆಮೇಲೆ ಕೂಗಿದರೆಂಬುದು ಕಾರಣ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಫೋನು ಮಾಡಬಹುದಿತ್ತಲ್ಲ ಎಂದು ಇವರು ಹೇಳಿದರು. ಮಾತು ಬಿಟ್ಟವರು ಫೋನಿನಲ್ಲಿ ಆಡಿದರೂ ಅದು ಮಾತೇ. ಬರೆದರೆ ಬರೆದದ್ದಷ್ಟೇ ಆಗುತ್ತದೆ. ಅದಕ್ಕೇ ಈ ಕಾಗದ.

ಈಗ ವಿಷಯ. ಪ್ರಗತಿ ಅಂಕೋಲೆ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿ ಕಂಪ್ಯೂಟರಿನಲ್ಲಿ ಗೆಳೆಯರನ್ನು ಕೂಡಿಹಾಕುವ ಒಂದು ಜಾಲವಿದೆಯಂತೆ, ಅದರ ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಳೆದ ವಾರ ಅವಳಿಗೆ ಅದರಲ್ಲಿ ನಿನ್ನ ಮಗನ ಹೆಸರಿನಿಂದ ಒಂದು ಓಲೆ ಬಂತು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವಳು ಕನ್ನಡ ಮಾಡಿ ಓದಿದಳು: "ರೂಪೇಶ ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದಾನೆ. ನೀವು ಉತ್ತರಿಸದಿದ್ದರೆ, ನೀವು ಬೇಡವೆಂದಿರಿ ಎಂದು ರೂಪೇಶ ತಿಳಿದುಕೊಳ್ಳಬಹುದು." ಅದರ ಕೆಳಗೆ ಅಳುಮೋರೆಯ ಒಂದು ಹಳದಿ ಗೊಂಬೆ. ಗೊಂಬೆಯ ಕೆಳಗೆ ಎರಡು ಚೌಕ. ಒಂದರಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ. ಒತ್ತಬೇಕಂತೆ.

ದೇವಿದಾಸ, ಇದು ಯಾವ ಸೀಮೆಯ ಪದ್ಧತಿ? ನಮ್ಮವರಲ್ಲಿ ಸೋದರಮಾವನ ಮನೆಯಿಂದ ಹುಡುಗಿಯನ್ನು ಕೇಳುವುದೆಂದರೆ ಹಿರಿಯರು ಬರಬೇಕು, ಕಾಯಿ ತರಬೇಕು, ಜಗಲಿಯಲ್ಲಿ ಕೂತು ಮೊದಲು ಮಳೆಯ ಮಾತು, ಆಮೇಲೆ ದೋಣಿಯ ಮಾತು ಆಡಿ ಕೊನೆಗೆ ವಿಷಯ ತೆಗೆಯಬೇಕು. ನಮ್ಮ ಕಡೆಯವರು "ನೋಡುವ, ಹಿರಿಯರನ್ನ ಕೇಳಿ ಹೇಳ್ತೇವೆ" ಅನ್ನಬೇಕು. ನಾವು ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ, ಹಾಗೆ ಹೇಳದಿರುವುದರಲ್ಲೇ ಎರಡೂ ಮನೆಯ ಮಾನ ಇರುತ್ತದೆ. ಈ ಪೆಟ್ಟಿಗೆಯಲ್ಲಿ ಅದಕ್ಕೊಂದು ಮೂರನೆಯ ಚೌಕವೇ ಇಲ್ಲ. ಹೆಣ್ಣಿನ ಮನೆಯ ಮೆಟ್ಟಿಲು ಒಮ್ಮೆಯೂ ಹತ್ತದವರು ಮಾಡಿದ ಪೆಟ್ಟಿಗೆ ಅದು.

ಪ್ರಗತಿಗೆ ಮಾಜಾಳಿಯ ಕಿಶನನ ಕಡೆಯಿಂದ ಮಾತು ಬಂದಿದೆ. ಹುಡುಗ ಸ್ವಂತ ದೋಣಿಯವನು, ಕುಡಿಯುವುದಿಲ್ಲ, ಅವಳಿಗೂ ಮನಸ್ಸಿದೆ. ಚೌತಿ ಕಳೆದ ಮೇಲೆ ಕಾಯಿ ಬದಲಾಯಿಸಿ ನಿಶ್ಚಯ ಮಾಡುವುದೆಂದು ಆಗಿದೆ. ಮಾವನ ಮನೆಯವರು ಕೇಳಿದ್ದೇ ಹೌದಾದರೆ, ನೀವು ನಿಮ್ಮ ಕೈಯಾರೆ ಕಾಯಿ ಕೊಟ್ಟು "ಬಿಟ್ಟೆವು" ಅನ್ನುವತನಕ ನಾನು ಅವಳನ್ನು ಹೊರಗೆ ಕೊಡುವ ಹಾಗಿಲ್ಲ. ನೀನು ಕೇಳಿಸಿದ್ದು ಹೌದೋ ಅಲ್ಲವೋ, ತಿಳಿಸು.

ಮಂಗಲಾ

---

ಬಿಣಗಾ, ೧೭ ಜುಲೈ ೨೦೦೯, ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ಪತ್ರ ತಲುಪಿತು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ಎರಡು ಸಲ ಓದಿದರೂ ನೀನು ಸುದ್ದಿ ಕೇಳುತ್ತಿದ್ದೀಯೋ ಬೈಯುತ್ತಿದ್ದೀಯೋ ತಿಳಿಯಲಿಲ್ಲ.

ನಾನು ಕೇಳಿಸಿಲ್ಲ. ಕೇಳಬೇಕಾಗಿದ್ದರೆ ಕಾಯಿ ಹಿಡಿದು ಬರುವಷ್ಟು ಶಕ್ತಿ ನನ್ನ ಕಾಲಿಗೆ ಇನ್ನೂ ಇದೆ. ರೂಪೇಶನನ್ನು ನಿಲ್ಲಿಸಿ ಕೇಳಿದೆ. ಯಾರದೋ ಹೊಸ ಬೈಕಿನ ಫೋಟೋ ನೋಡಲು ಅವನು ಆ ಜಾಲದೊಳಗೆ ಹೊಕ್ಕನಂತೆ. "ನಿನ್ನ ಗೆಳೆಯರು ಇಲ್ಲಿ ಇದ್ದಾರೋ ನೋಡಲೇ?" ಎಂದು ಅದು ಕೇಳಿತಂತೆ. ನೋಡು ಎಂದನಂತೆ. ಅದು ನೋಡಲಿಲ್ಲ. ಅವನ ಬಳಿ ವಿಳಾಸವಿದ್ದ ಎಲ್ಲರಿಗೂ ಅವನ ಹೆಸರಿನಲ್ಲಿ ಓಲೆ ಬರೆಯಿತು. ಅವನ ಐಟಿಐ ಮಾಸ್ತರರಿಗೆ, ನಮ್ಮ ಸುಪರ್‌ವೈಸರರಿಗೆ, ಗ್ಯಾಸ್ ಏಜೆನ್ಸಿಗೆ, ಎಲ್ಲರಿಗೂ ರೂಪೇಶ ಕಾಯುತ್ತಿದ್ದಾನೆ. ಗ್ಯಾಸ್ ಏಜೆನ್ಸಿಯ ಮಟ್ಟಿಗೆ ಅದು ನಿಜ.

"ಅಪ್ಪಾ, ನಾ ಒಂದಕ್ಷರ ಬರೀಲಿಲ್ಲ, ಎಲ್ಲ ಅದೇ ಬರ್ದದ್ದು" ಎನ್ನುತ್ತಾನೆ. ನನಗೆ ಪೂರ್ತಿ ನಂಬಿಕೆ ಇಲ್ಲ, ಆದರೆ ಹುಡುಗ ಸುಳ್ಳು ಹೇಳುವವನಲ್ಲ.

ಪ್ರಗತಿಯ ವಿಳಾಸ ಇವನ ಬಳಿ ಹೇಗೆ ಬಂತೆಂದು ನೀನು ಕೇಳಲಿಲ್ಲ, ನಾನು ಕೇಳಿದೆ. ಪ್ರಣಿತಾಳ ಮದುವೆಯ ಫೋಟೋಗಳನ್ನು ಪ್ರಗತಿಯೇ ಕಂಪ್ಯೂಟರಿನಲ್ಲಿ ಇವನಿಗೆ ಕಳಿಸಿದ್ದಳಂತೆ. ಎರಡು ಮನೆಗೆ ಮಾತಿಲ್ಲ ಎಂದೆಯಲ್ಲ, ಮಾತಿಲ್ಲದ್ದು ನಿನಗೆ ಮತ್ತು ನನಗೆ ಮಾತ್ರ.

ಇನ್ನೊಂದು. ಮಾಜಾಳಿಯ ಸಂಬಂಧ ನನಗೆ ಹೊಸ ಸುದ್ದಿಯಲ್ಲ. ಹುಡುಗಿಯ ಸೋದರಮಾವನಿಗೆ ಮೊದಲು ಹೇಳಬೇಕಾದ ಮಾತು ನನಗೆ ಬಂದದ್ದು ಬಿಣಗಾದ ಬಸ್ಸಿನಲ್ಲಿ, ಒಣಮೀನು ಮಾರುವ ಬೊಮ್ಮುವಿನ ಬಾಯಿಂದ. ಅದಕ್ಕೆ ಯಾವ ಯಂತ್ರವೂ ಕಾರಣವಲ್ಲ.

ದೇವಿದಾಸ

---

ಹಾರವಾಡ, ೨೦ ಜುಲೈ ೨೦೦೯, ಸೋಮವಾರ

ಚಿ. ದೇವಿದಾಸನಿಗೆ,

ಬರೆದ ಓಲೆಯನ್ನು ಬರೆದಿಲ್ಲ ಎನ್ನುವುದು ಈಗಿನ ಹುಡುಗರಿಗೆ ಎಷ್ಟು ಸುಲಭ! ನಮ್ಮ ಕಾಲದಲ್ಲಿ ಅಕ್ಷರ ನೋಡಿಯೇ ಕಳ್ಳನನ್ನು ಹಿಡಿಯಬಹುದಿತ್ತು. ಯಂತ್ರ ತಾನಾಗಿ ಹೆಣ್ಣು ಕೇಳಿತಂತೆ. ಹಾಗಾದರೆ ಬಾಣಂತನವನ್ನೂ ಅದೇ ಮಾಡಲಿ.

ನಿನ್ನ ಕಾಗದ ಬರುವ ಮೊದಲೇ ಇಲ್ಲಿ ಕೆಲಸ ಕೆಟ್ಟಿತು. ಆ ಯಂತ್ರ ಸುಮ್ಮನೆ ಕೂರಲಿಲ್ಲ. "ರೂಪೇಶ ಇನ್ನೂ ಕಾಯುತ್ತಿದ್ದಾನೆ" ಎಂದು ಮತ್ತೆ ಬಂತು. ದೇವರ ಬಾಗಿಲ ಭಿಕ್ಷುಕರು ಕೂಡ ಒಮ್ಮೆ ಮುಂದೆ ಹೋಗು ಎಂದರೆ ಹೋಗುತ್ತಾರೆ. ಪ್ರಗತಿ ಹೆದರಿದಳು. ಇಲ್ಲ ಎಂದು ಒತ್ತಿದರೆ ಮಾವನಿಗೆ ಅವಮಾನ, ಒತ್ತದೆ ಬಿಟ್ಟರೂ ಇಲ್ಲ ಎಂದಂತೆ ಎಂದು ಅದೇ ಹೇಳುತ್ತದೆ. ಹುಡುಗಿ ಹೌದು ಒತ್ತಿದಳು.

"ಆಯಿ, ಮತ್ತೆಂತ ಮಾಡೂದಿತ್ತು? ಅದ್ರಾಗೆ ಇದ್ದದ್ದೇ ಎರಡು" ಎಂದು ಅತ್ತಳು.

ಒತ್ತಿದ ಕೂಡಲೇ ಅದು ಡಂಗುರ ಹೊಡೆಯಿತು. "ಪ್ರಗತಿ ರೂಪೇಶನಿಗೆ ಹೌದು ಎಂದಿದ್ದಾಳೆ!" ಎಂದು ಅವಳ ಪರಿಚಯದವರಿಗೆಲ್ಲ ಹೋಯಿತು. ಕಿಶನನ ತಂಗಿ ಟೈಪಿಂಗಿನಲ್ಲಿ ಇವಳ ಜೊತೆಯವಳು, ಅವಳಿಗೂ ಹೋಯಿತು. ಮರುದಿನವೇ, ನಿನ್ನ ಕಾಗದ ನನ್ನ ಕೈಸೇರಿದ ದಿನವೇ, ಕಿಶನನ ತಾಯಿ ಹೊನ್ನಮ್ಮ ಮಳೆಯಲ್ಲಿ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

"ನೋಡೆ ಮಂಗಲಾ, ಹುಡುಗಿ ಚಲೋ, ನಮಗೆ ಬೇಕೂ ಬೇಕು" ಎಂದಳು. "ಆದ್ರೆ ಮಾವನ ಮನೆಯವ್ರು ಕೇಳಿದಾರೆ, ಇವಳು ಹೌದು ಅಂದಿದಾಳೆ ಅಂತ ಊರಿಗೆಲ್ಲ ಆಯ್ತು. ಅವ್ರು ಬಿಟ್ಟದ್ದು ಹೌದು ಅಂತ ಅವ್ರ ಬಾಯಿಂದ ಬರೂತನಕ ನಾವು ನಿಮ್ಮ ಮನೆ ಕಾಯಿ ಹಿಡೂದು ಹೆಂಗೆ? ನಾಳೆ ನಮ್ಮ ದೋಣಿಗೆ ಮಾವನ ಮನೆಯವ್ರ ಕಣ್ಣು ತಾಗಬಾರ್ದು."

"ಹೊನ್ನಮ್ಮಾ, ಅದು ಮಿಶನ್ನು ಬರ್ದದ್ದು ಅಂತಾರೆ" ಎಂದೆ, ನಿನ್ನ ಮಾತನ್ನು ನಾನೇ ನಂಬದಿದ್ದರೂ.

"ಮಿಶನ್ನಿಗೆ ನಿನ್ನ ಅಣ್ಣತಮ್ಮಂದಿರು ಯಾರು ಅಂತ ಗೊತ್ತಿರ್ತದನೆ?" ಎಂದು ಕೇಳಿದಳು.

ಪ್ರಗತಿ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಉಪವಾಸ ನನ್ನದು, ಹೊಟ್ಟೆ ಒಣಗಿದ್ದು ಅವಳದು. ನೀನು ಬಂದು ಒಂದು ಕಾಯಿ ಕೊಟ್ಟು "ಬಿಟ್ಟೆವು" ಎಂದು ಹೇಳು. ಕೇಳಿರಲಿ ಬಿಡಲಿ, ಹೇಳು, ಮುಗಿಯಿತು.

ಬೊಮ್ಮುವಿನ ಬಾಯಿಂದ ತಿಳಿಯಿತು ಎಂದೆಯಲ್ಲ, ಬೊಮ್ಮುವಿನ ಕೈಯಲ್ಲಿ ಹೇಳಿ ಕಳಿಸಿದವಳು ನಾನೇ. ಮಾತು ಬಿಟ್ಟ ತಮ್ಮನಿಗೆ ಬೇರೆ ಹೇಗೆ ಹೇಳಲಿ?

ಮಂಗಲಾ

---

ಬಿಣಗಾ, ೨೩ ಜುಲೈ ೨೦೦೯

ಅಕ್ಕನಿಗೆ,

ಕೇಳದೇ ಇದ್ದದ್ದನ್ನು ಬಿಡುವುದು ಹೇಗೆ? ಬಿಟ್ಟೆ ಎಂದು ಕಾಯಿ ಕೊಟ್ಟರೆ ಕೇಳಿದ್ದೆ ಎಂದು ಒಪ್ಪಿದ ಹಾಗೆ. ಕೇಳಿ, ಬೇಡವೆನ್ನಿಸಿಕೊಂಡ ಹುಡುಗ ಎಂದು ನಾಳೆ ನನ್ನ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ? ನಿನ್ನ ಮಗಳ ಮಾನದಂತೆಯೇ ನನ್ನ ಮಗನದೂ.

ದೇವಿದಾಸ

---

ಹಾರವಾಡ, ೨೭ ಜುಲೈ ೨೦೦೯
ಶ್ರಾವಣದ ಮೊದಲ ಸೋಮವಾರ

ಚಿ. ದೇವಿದಾಸನಿಗೆ,

ನಿನ್ನೆ ನಾಗರಪಂಚಮಿ, ಇಂದು ಶ್ರಾವಣ ಸೋಮವಾರ. ಹುತ್ತಕ್ಕೆ ಹಾಲು ಹಾಕಿ ಬಂದ ಕೈಯಿಂದ ಇಂಥ ಸುದ್ದಿ ಬರೆಯಬೇಕಾಯಿತಲ್ಲ ಎಂದು ಬೇಸರ. ಆದರೂ ಬರೆಯದಿದ್ದರೆ ಹೊಟ್ಟೆ ಉಬ್ಬುತ್ತದೆ.

ಶನಿವಾರ ಮಧ್ಯಾಹ್ನ ನಾನು ಒಲೆಯ ಮುಂದಿದ್ದೆ. ಅಂಗಳದಲ್ಲಿ ಕೊಡೆ ಮಡಚುವ ಸದ್ದು ಕೇಳಿ ಇಣುಕಿದರೆ ಟೈಪಿಂಗ್ ಕ್ಲಾಸಿನ ದೇವಾನಂದ ಮಾಸ್ತರು. ಹೆಂಡತಿ ತೀರಿಕೊಂಡವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು ಇರಬಹುದು. ಕೂದಲಿಗೆ ಎಣ್ಣೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಜಗಲಿಯಲ್ಲಿ ಕೂತರು. ಮೊದಲು ಮಳೆಯ ಮಾತು, ಆಮೇಲೆ ದೋಣಿಯ ಮಾತು. ಮುಂದೆ ಯಾವ ಮಾತು ಬರುತ್ತದೆಂದು ನನಗೆ ಆಗಲೇ ತಿಳಿಯಿತು.

"ಬಾಯೋರೆ, ಹೆಂಗೆ ಹೇಳೂದು ತಿಳೀತಿಲ್ಲ" ಎಂದರು. "ಪ್ರಗತಿ ನನ್ನ ಉತ್ತರಕ್ಕೆ ಕಾಯ್ತಾ ಇದ್ದಾಳೆ ಅಂತ ಬಂದಿತ್ತು. ಉತ್ತರ ಕೊಡದಿದ್ರೆ ಬೇಡ ಅಂದಂಗೆ ಅಂತಿತ್ತು. ಹುಡುಗಿ ಮನಸ್ಸು ನೋಯಿಸೂದು ಬ್ಯಾಡ ಅಂತ ನಾನೇ ಬಂದೆ."

"ಅವಳು ಕಾಯ್ತಾ ಇರೂದು ಮಳೆ ಬಿಡೂದನ್ನ, ಮಾಸ್ತರೆ" ಎಂದೆ. "ಮೀನು ಒಣಗಿಸೂದುಂಟು."

"ಆದ್ರೆ ಅಳೂ ಮೋರೆನೂ ಇತ್ತಲ್ರಾ..."

"ಆ ಮೋರೆ ಹುಟ್ಟಿಸಿದವ್ರದ್ದು ಇರ್ಬೇಕು."

ಒಳಗಿಂದ ಪ್ರಗತಿ ಓಡಿ ಬಂದಳು. ಕಿವಿಯೆಲ್ಲ ಕೆಂಪು. "ಸರ್, ನಾ ಕಳಿಸ್ಲಿಲ್ಲ ಸರ್, ನಾ ಹೌದು ಒತ್ತಿದ ಮೇಲೆ ಅದೇ ಎಲ್ಲರಿಗೂ ಕಳಿಸ್ತು" ಎಂದಳು. ಮಾಸ್ತರ ಮುಖ ನೋಡಬೇಕಿತ್ತು ನೀನು. ನನಗೆ ಸಿಟ್ಟೂ ಬಂತು, ಪಾಪವೆಂದೂ ಅನಿಸಿತು. ಬೆಳಿಗ್ಗೆ ಕನ್ನಡಿ ನೋಡಿ ಬೈತಲೆ ತೆಗೆದ ಮನುಷ್ಯ ಆತ. ಚಹಾ ಕೊಟ್ಟೆ. ಬಾಳೆಹಣ್ಣು ಮರಳಿ ಒಯ್ಯಲು ನಾಚಿ ಅಲ್ಲೇ ಬಿಟ್ಟು ಹೋದರು. ದೇವರಿಗೆ ಇಡಲು ಮನಸ್ಸಾಗಲಿಲ್ಲ, ಆಕಳಿಗೆ ಹಾಕಿದೆ.

ಯಂತ್ರದ ಜಾತಿ ಯಾವುದೆಂದು ಈಗ ನನಗೆ ಗೊತ್ತಾಯಿತು. ನಮ್ಮ ಊರಿನಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಮನೆಗೆ ಇಲ್ಲದ ಮಾತು ಒಯ್ಯುವವರನ್ನು ಬಾವಿಕಟ್ಟೆಗೆ ಸೇರಿಸುವುದಿಲ್ಲ. ಅಲ್ಲಿ ಅಂಥವರನ್ನು ಸಂಬಳ ಕೊಟ್ಟು ಕೂರಿಸಿದ್ದಾರೆ. ಕಾಯುತ್ತಿದ್ದಾನೆ, ಕಾಯುತ್ತಿದ್ದಾಳೆ! ಕಾಯುವುದೆಂದರೆ ಏನೆಂದು ಆ ಬರೆದವರಿಗೆ ಗೊತ್ತೇ? ದೋಣಿ ಹೋದ ಮನೆಯ ಹೆಂಗಸು ಗಾಳಿಯ ದಿನ ದಂಡೆಯಲ್ಲಿ ನಿಂತು ಕಾಯುತ್ತಾಳೆ. ಆ ಮಾತನ್ನು ಇವರು ಗಿರಾಕಿ ಕೂಡಿಸಲು ಖರ್ಚು ಮಾಡುತ್ತಾರೆ. ಬೇಡ ಎಂದಂತೆ ತಿಳಿಯಬಹುದಂತೆ! ಬೇಡ ಎಂಬ ಮಾತಿಗೆ ನಮ್ಮಲ್ಲಿ ಮನೆತನಗಳು ಮುರಿಯುತ್ತವೆ, ಇವರಿಗೆ ಅದು ಹಳದಿ ಗೊಂಬೆ.

ರೂಪೇಶ ಸುಳ್ಳು ಹೇಳಿಲ್ಲ ಎಂದು ಅವನಿಗೆ ತಿಳಿಸು.

ಮಾಸ್ತರ ಸುದ್ದಿಯನ್ನು ನಾನೇ ಹೊನ್ನಮ್ಮನಿಗೆ ಮುಟ್ಟಿಸಿದೆ. ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಯಂತ್ರದ ಮಾತು ಸುಳ್ಳೆಂದು ಒಪ್ಪಿದಳು. ಆದರೂ ಹಿಡಿದ ಮಾತು ಬಿಡಲಿಲ್ಲ: "ನನ್ಗೆ ತಿಳೀತು. ಊರಿಗೆ? ಮಾವನೇ ಇಲ್ದ ಮದುವೆ ಆದ್ರೆ ಜನ ಎಂತ ಹೇಳ್ತ್ರು? ಕೇಳಿ ಸಿಕ್ಕಲಿಲ್ಲ, ಅದ್ಕೇ ಬರ್ಲಿಲ್ಲ ಅಂತಾರೆ." ಅವಳು ಹೇಳಿದ್ದು ತಪ್ಪಲ್ಲ. ಮಾವ ಎತ್ತದೆ ಪ್ರಗತಿ ಮಂಟಪಕ್ಕೆ ನಡೆದು ಹೋದರೆ ಯಂತ್ರದ ಮಾತೇ ಊರಿನ ಮಾತಾಗುತ್ತದೆ.

ಏನು ಮಾಡುತ್ತೀ, ಹೇಳು.

ಮಂಗಲಾ

---

ಬಿಣಗಾ, ೩೧ ಜುಲೈ ೨೦೦೯, ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ದೇವಾನಂದ ಮಾಸ್ತರ ಪ್ರಸಂಗವನ್ನು ಸಪ್ನಾಳಿಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಒಲೆಯ ಹಾಲು ಉಕ್ಕಿಸಿದಳು. ನಿನ್ನ ಮನೆಯ ಸುದ್ದಿಗೆ ಈ ಮನೆಯಲ್ಲಿ ನಗು ಬಂದು ಬಹಳ ಕಾಲವಾಗಿತ್ತು. "ನಿಮ್ಮ ಅಕ್ಕನ ಬಾಯಿ ಹಂಗೇ ಇದೆ" ಎಂದಳು. ಆಮೇಲೆ ಒಳಗೆ ಹೋಗಿ ಕಪಾಟಿನ ಮೇಲಿನ ಫೋಟೋದ ಧೂಳು ಒರೆಸಿದಳು.

ನಿನಗೆ ತಿಳಿಯದ ಒಂದು ಮಾತಿದೆ. ಪ್ರಗತಿ ಕಳಿಸಿದ ಫೋಟೋಗಳಲ್ಲಿ ನಾನು ಪ್ರಣಿತಾಳನ್ನು ಎತ್ತಿಕೊಂಡು ಬರುವುದೊಂದಿದೆ. ನನ್ನ ಮುಂಡಾಸು ಜಾರಿ ಕಣ್ಣಿನ ಮೇಲೆ ಬಂದಿದೆ, ನೀನು ಪಕ್ಕದಲ್ಲಿ ಬಾಯಿ ತೆರೆದು ಏನೋ ಕೂಗುತ್ತಿದ್ದೀಯ. ಬೈಯುತ್ತಿರಬೇಕು. ಕಾರವಾರಕ್ಕೆ ಹೋಗಿ ಅದಕ್ಕೆ ಕಟ್ಟು ಹಾಕಿಸಿ ಕಪಾಟಿನ ಮೇಲೆ ಇಟ್ಟವಳು ಸಪ್ನಾ. ನಾನು ಹೇಳಿದ್ದಲ್ಲ.

ಅಕ್ಕ, ನಿನ್ನ ಮೂರು ಪತ್ರಗಳನ್ನೂ ಮತ್ತೆ ಓದಿದೆ. ಕಾಯಿ ಕೊಡು ಎಂದಿದ್ದೀಯ, ಬಿಟ್ಟೆವು ಎಂದು ಹೇಳು ಎಂದಿದ್ದೀಯ, ಏನು ಮಾಡುತ್ತೀ ಎಂದು ಕೇಳಿದ್ದೀಯ. ಬಂದು ಕಾಯಿ ಕೊಡು ಎಂದು ಒಂದು ಕಡೆ ಇದೆ, ಅದು ಅಂಚೆಯವನಿಗೂ ಹೇಳುವಂಥ "ಬಾ". ತಮ್ಮಾ ಬಾ, ಉಂಡು ಹೋಗು ಎಂಬುದು ಎಲ್ಲೂ ಇಲ್ಲ. ಸುಳ್ಳೋ ನಿಜವೋ, ಕಾಯುತ್ತಿದ್ದಾರೆ ಎಂಬ ಮಾತನ್ನು ನಾಲ್ಕು ವರ್ಷದಲ್ಲಿ ಎರಡು ಮನೆಗಳ ನಡುವೆ ಹೇಳಿದ್ದು ಆ ದರಿದ್ರ ಯಂತ್ರ ಒಂದೇ.

ಬುಧವಾರ ನೂಲಹುಣ್ಣಿಮೆ. ಸಮುದ್ರಕ್ಕೆ ಕಾಯಿ ಬಿಡುವ ದಿನ. ಸಮುದ್ರದ ಕೆಲಸ ಬಿಟ್ಟ ಮೇಲೆ ನಾನು ಇಲ್ಲಿಯ ದಂಡೆಯಿಂದಲೇ ಬಿಡುತ್ತಿದ್ದೆ. ಈ ಸಲ ಅಪ್ಪ ಬಿಡುತ್ತಿದ್ದ ಜಾಗದಿಂದ, ಹಾರವಾಡದಿಂದ ಬಿಡಬೇಕೆಂದು ಮನಸ್ಸಿದೆ. ನಾನು ಬರಲೋ ಬೇಡವೋ? ಹೌದು ಇಲ್ಲ, ಎರಡರಲ್ಲಿ ಒಂದು ಬರೆ.

ದೇವಿದಾಸ

---

ಹಾರವಾಡ, ೩ ಆಗಸ್ಟ್ ೨೦೦೯, ಸೋಮವಾರ

ಚಿರಂಜೀವಿ ದೇವಿದಾಸನಿಗೆ,

ಶ್ರಾವಣದ ಎರಡನೆಯ ಸೋಮವಾರದ ಉಪವಾಸ. ಬಿಲ್ವಪತ್ರೆಗೆ ಹೋದಾಗ ಮುಳ್ಳು ತಾಗಿ ಬೆರಳು ಊದಿದೆ, ಅಕ್ಷರ ಸೊಟ್ಟಗಾದರೆ ನಗಬೇಡ. ದೋಣಿಯ ಮೇಲೆ ಮಳೆಗೆ ಹೊದಿಸಿದ್ದ ತಟ್ಟಿ ತೆಗೆದಿದ್ದಾರೆ. ಇವರು ಬೆಳಗಿನಿಂದ ಬಲೆ ಬಿಡಿಸುತ್ತ ಕೂತಿದ್ದಾರೆ, ಬಾಯಿ ಬಿಡಿಸುವುದಿಲ್ಲ. ನಿನ್ನ ಕಾಗದ ಓದಿ ಹೇಳಿದೆ. "ಬಲೆಗೆ ಬೊಂಡಾಸ ಸಿಕ್ರೆ ತರ್ತೆ, ದೇವಿದಾಸನಿಗೆ ಸೇರ್ತದೆ" ಎಂದಷ್ಟೇ ಅಂದರು.

ನೀನೂ ಆ ಯಂತ್ರದ ಸಂಗದಲ್ಲಿ ಕೆಟ್ಟೆ. ಹೌದು ಇಲ್ಲ, ಎರಡರಲ್ಲಿ ಒಂದು ಬರೆಯಬೇಕಂತೆ! ನಮ್ಮ ಅಪ್ಪನ ಮಗ ಬರೆಯುವ ಮಾತೇ ಅದು? ತವರಿನ ಗಂಡಸು ಅಕ್ಕನ ಮನೆಗೆ ಬರಲೋ ಬೇಡವೋ ಎಂದು ಕೇಳಿದ್ದನ್ನು ನಾನು ಈ ಐವತ್ತು ವರ್ಷದಲ್ಲಿ ಕೇಳಿಲ್ಲ. ಅಂಥ ಪ್ರಶ್ನೆಗೆ ನಾನು ಚೌಕ ಒತ್ತುವುದಿಲ್ಲ.

ಹೊನ್ನಮ್ಮನ ಹತ್ತಿರ ಮಾತಾಡಿದ್ದೇನೆ. ನೀನು ಕೇಳಿದೆ ಎಂದೂ ಒಪ್ಪಬೇಕಾಗಿಲ್ಲ, ಬಿಟ್ಟೆ ಎಂದೂ ಹೇಳಬೇಕಾಗಿಲ್ಲ. ನನ್ನ ಕೈಗೆ ಕಾಯಿ ಕೊಡುವುದೂ ಬೇಡ. ಬುಧವಾರ ಮಾಜಾಳಿಯವರು ನಮ್ಮ ದಂಡೆಗೇ ಬರುತ್ತಾರೆ. ನೀನು ಸಮುದ್ರಕ್ಕೆ ಕಾಯಿ ಬಿಡುವುದನ್ನು ಅವರು ನೋಡಲಿ, ಆಮೇಲೆ ನಮ್ಮ ಮನೆಯಲ್ಲಿ ಕಿಶನನ ಪಕ್ಕದ ಎಲೆಯಲ್ಲಿ ಕೂತು ಉಣ್ಣುವುದನ್ನು ಊರು ನೋಡಲಿ. "ಮಾವ ಉಂಡು ಎದ್ದ ಮನೆಗೆ ಮತ್ತೊಂದು ಕಾಯಿ ಎಂತಕ್ಕೆ?" ಎಂದು ಹೊನ್ನಮ್ಮನೇ ಅಂದಳು. ರೂಪೇಶನನ್ನೂ ಕೂರಿಸು. ಹುಡುಗರಿಬ್ಬರೂ ಬೈಕಿನ ಮಾತಾಡಿಕೊಳ್ಳಲಿ. ಬೇಡವೆನ್ನಿಸಿಕೊಂಡವನು ಹಾಗೆ ಉಣ್ಣುವುದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ.

ನಿನ್ನ ಫೋಟೋದಲ್ಲಿ ನಾನು ಬೈಯುತ್ತಿರಲಿಲ್ಲ. ನಿನ್ನ ಮುಂಡಾಸು ಕಣ್ಣು ಮುಚ್ಚಿತ್ತು, ಎದುರಿಗೆ ಮೆಟ್ಟಿಲಿತ್ತು. "ಜಾಗ್ರತೆ" ಎಂದು ಕೂಗುತ್ತಿದ್ದೆ.

ಸಪ್ನಾಳ ಸೀರೆ ಅಂದಿನಿಂದ ನನ್ನ ಟ್ರಂಕಿನಲ್ಲೇ ಇದೆ. ಪ್ರತಿ ಚೌತಿಗೆ ಬಿಸಿಲಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತೇನೆ. ಈ ಸಲ ಯಾರ ಹೆಸರನ್ನೂ ಯಾರೂ ಕೂಗುವುದಿಲ್ಲ. ನಾನೇ ಅವಳ ಕೈ ಹಿಡಿದು ಕೊಡುತ್ತೇನೆ.

ಪ್ರಗತಿ ಆ ಜಾಲದಿಂದ ತನ್ನ ಹೆಸರು ಕಿತ್ತು ಹಾಕಿ ಬಂದಳು. ಹೋಗುವಾಗಲೂ ಅದು ಬಿಡಲಿಲ್ಲವಂತೆ, "ಖಂಡಿತವೇ? ನಿಮ್ಮ ಗೆಳೆಯರು ನಿಮ್ಮನ್ನು ನೆನೆದು ದುಃಖಿಸುತ್ತಾರೆ" ಎಂದಿತಂತೆ. ದೇವಾನಂದ ಮಾಸ್ತರರೊಬ್ಬರು ದುಃಖಿಸಬಹುದು. ನಿನ್ನೆಯಿಂದ ಹುಡುಗಿ ಗಂಜಿಗೆ ಉಪ್ಪು ಸಾಲದೆಂದು ಜಗಳ ತೆಗೆಯುತ್ತಿದ್ದಾಳೆ, ಅಂದರೆ ಹಸಿವೆ ಬಂದಿದೆ.

ಈ ಕಾಗದ ಬೊಮ್ಮುವಿನ ಕೈಯಲ್ಲಿ ನಾಳೆ ಮೊದಲ ಬಸ್ಸಿಗೆ ಕಳಿಸುತ್ತೇನೆ. ಇದರಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಇಲ್ಲ, ಹುಡುಕಬೇಡ. ನೀನು ಕೇಳಿದ ಆ ಒಂದು ಮಾತು ನನ್ನ ಹತ್ತಿರ ಇದೆ, ಆದರೆ ಅದು ಅಂಚೆಗೆ ಹಾಕುವಂಥದ್ದಲ್ಲ, ಬೊಮ್ಮುವಿನ ಬುಟ್ಟಿಯಲ್ಲಿ ಒಣಮೀನಿನ ಜೊತೆ ಕಳಿಸುವಂಥದ್ದೂ ಅಲ್ಲ. ಬುಧವಾರ ಕಾಯಿ ನೀರಿಗೆ ಬೀಳುವ ಮೊದಲು, ನಿಮ್ಮ ಮನೆಯಿಂದ ಯಾರಾದರೂ ಬಂದು ನನ್ನ ಉತ್ತರ ತೆಗೆದುಕೊಂಡು ಹೋಗಿ.

ಅಕ್ಕ
ಮಂಗಲಾ